ಜ್ವರ ಬಂದ ಮೊದಲ ದಿನವೇ ಆಸ್ಪತ್ರೆಗೆ ಹೋಗಬೇಕಾದರೆ: ಹಳ್ಳಿಮನೆಯ ಬ್ಯಾಂಕ್ ಖಾತೆ ಹೀಗಿರಲಿ

ಸೋಮವಾರ ರಾತ್ರಿ ಮಗುವಿಗೆ ಜ್ವರ ಬಂತು. ಮಂಗಳವಾರ ಅಂಗಡಿ ಮಾತ್ರೆ ಕೊಟ್ಟರು. ಬುಧವಾರ ವಾಂತಿ, ಭೇದಿ ಶುರುವಾಯಿತು. ಅಪ್ಪ ಎರಡು ಮನೆ ತಿರುಗಿ ಕೈಗಡ ಕೇಳಿ ಬರಿಗೈಲಿ ಬಂದ. ಗುರುವಾರ ಸಂಜೆ ಕಿವಿಯೋಲೆ ಗಿರವಿ ಇಟ್ಟ ಮೇಲೆ ಎರಡು ಸಾವಿರ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದಿತ್ತು, ಅಳುವಾಗ ಕಣ್ಣೀರೇ ಬರುತ್ತಿರಲಿಲ್ಲ. "ಯಾಕಮ್ಮ ಇಷ್ಟು ತಡ ಮಾಡಿದ್ರಿ?" ಅಂತ ಡಾಕ್ಟರ್ ಕೇಳಿದರು. ಆಕೆ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಜೊತೆಗೆ ನಾನೂ ಇದ್ದೆ. ಡ್ರಿಪ್ ಹಾಕಿದರು, ಮಗು ಉಳಿಯಿತು.

ಮರುವಾರ ಆಕೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು. ಗೃಹಲಕ್ಷ್ಮಿಯ ಎರಡು ಕಂತು, ನಾಲ್ಕು ಸಾವಿರ, ಖಾತೆಯಲ್ಲೇ ಕೂತಿತ್ತು. ಖಾತೆಗೆ ಕೊಟ್ಟ ಸಿಮ್ ಯಾವಾಗಲೋ ಬಂದ್ ಆಗಿತ್ತು. ಹಾಗಾಗಿ ದುಡ್ಡು ಬಂದ ಮೆಸೇಜ್ ಆಕೆಗೆ ಬಂದಿರಲೇ ಇಲ್ಲ. ಓಲೆ ಮಾತ್ರ ಗಿರವಿ ಅಂಗಡಿಯಲ್ಲಿತ್ತು.

ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಬ್ಯಾಂಕ್ ಶಾಖೆಗೆ ಹೋಗಲು ಬಸ್ ಹಿಡಿಯಬೇಕು. ನಾನು ಊರಿನ ಎರಡು ಮಹಿಳಾ ಸಂಘಗಳ ಲೆಕ್ಕ ಬರೆಯುತ್ತೇನೆ, ಹಾಗಾಗಿ ಇಂಥ ಪಾಸ್‌ಬುಕ್‌ಗಳನ್ನು ಬಹಳ ನೋಡಿದ್ದೇನೆ. ಈಗ ಖಾತೆ ಇಲ್ಲದ ಮನೆ ಕಡಿಮೆ. 2014ರ ಆಗಸ್ಟ್ 28ರಂದು ಜನಧನ ಶುರುವಾದ ಮೇಲೆ ಹೆಚ್ಚುಕಡಿಮೆ ಎಲ್ಲರ ಹೆಸರಲ್ಲೂ ಒಂದೊಂದು ಖಾತೆ ಇದೆ. ಆದರೆ ಕಾಯಿಲೆ ಬಂದ ದಿನ ಆ ಖಾತೆಯಿಂದ ದುಡ್ಡು ಕೈಗೆ ಬರುತ್ತದಾ? ನಾನು ಕೇಳುವುದು ಅದೊಂದೇ.

ಬ್ಯಾಂಕಿಗೂ ಆರೋಗ್ಯಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. 2005ರಲ್ಲಿ ರಿಸರ್ವ್ ಬ್ಯಾಂಕ್ ಹೊಸ ಶಾಖೆಗಳ ನೀತಿ ಬದಲಿಸಿ, ಜನಸಂಖ್ಯೆಗೆ ತಕ್ಕಷ್ಟು ಶಾಖೆಗಳಿಲ್ಲದ ಜಿಲ್ಲೆಗಳಿಗೆ ಹೋಗುವಂತೆ ಬ್ಯಾಂಕುಗಳಿಗೆ ಒತ್ತು ಕೊಟ್ಟಿತು. ಮುಂದೆ ಸಂಶೋಧಕರು ಅಂಥ ಜಿಲ್ಲೆಗಳ ಮನೆಗಳನ್ನು ನೋಡಿದಾಗ ಕಾಯಿಲೆ ಬೀಳುವುದು ಕಡಿಮೆಯಾಗಿತ್ತು, ಮಕ್ಕಳಿಗೆ ಲಸಿಕೆ ಹಾಕಿಸುವುದು ಜಾಸ್ತಿಯಾಗಿತ್ತು. ಮನೆಯವರು ಉಳಿತಾಯ ಮಾಡಿದ್ದಷ್ಟೇ ಅಲ್ಲ, ಆಸ್ಪತ್ರೆ ನಡೆಸುವವರಿಗೂ ಸಾಲ ಸಿಗುವುದು ಸುಲಭವಾಗಿತ್ತು. ನಮ್ಮ ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2021–22ರ ಸರ್ಕಾರಿ ಲೆಕ್ಕದಲ್ಲೇ ನೂರಕ್ಕೆ 39 ರೂಪಾಯಿಗಿಂತ ಜಾಸ್ತಿ. ಆ ಜೇಬು ಖಾಲಿ ಇದ್ದ ದಿನವೇ ಚಿಕಿತ್ಸೆ ಮುಂದಕ್ಕೆ ಹೋಗುವುದು.

ಇನ್ನು ಏನೇನು ಮಾಡಬೇಕು ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಮನೆಯ ಹೆಣ್ಣುಮಗಳ ಹೆಸರಲ್ಲಿ ಸ್ವಂತ ಖಾತೆ

ಗಂಡನ ಖಾತೆ ಇದೆಯಲ್ಲ, ಸಾಕು ಅನ್ನಬೇಡಿ. ನಮ್ಮ ಕಡೆ ಗಂಡಸರು ಗುಳೆ ಹೋಗುತ್ತಾರೆ. ಅವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವಾಗ ಮನೆಯಲ್ಲಿ ಮಗುವಿಗೆ ಜ್ವರ ಬರುತ್ತದೆ. ಎಟಿಎಂ ಕಾರ್ಡ್ ಅವರ ಜೇಬಿನಲ್ಲಿರುತ್ತದೆ. ಬಾಣಂತಿ ಸಹಾಯಧನ, ಗೃಹಲಕ್ಷ್ಮಿ ಎಲ್ಲವೂ ಹೆಂಗಸಿನ ಖಾತೆಗೇ ಬರುವುದು.

ಖಾತೆ ಇಲ್ಲದಿದ್ದರೆ ಆಧಾರ್ ತೆಗೆದುಕೊಂಡು ಬ್ಯಾಂಕಿಗೋ, ಬ್ಯಾಂಕಿನ ಪರವಾಗಿ ಹಳ್ಳಿಯಲ್ಲಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಹತ್ತಿರವೋ ಹೋಗಿ, "ಜನಧನ ಖಾತೆ, ಝೀರೋ ಬ್ಯಾಲೆನ್ಸ್" ಅಂತ ಬಿಡಿಸಿ ಕೇಳಿ. ಇದರಲ್ಲಿ ಕನಿಷ್ಠ ಮೊತ್ತ ಇಡಬೇಕಿಲ್ಲ, ದಂಡವೂ ಇಲ್ಲ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ದುಡ್ಡು ತೆಗೆಯುವುದು ಉಚಿತ. ರುಪೇ ಎಟಿಎಂ ಕಾರ್ಡೂ ಉಚಿತ. ಸುಮ್ನೆ "ಖಾತೆ ಮಾಡಿಕೊಡಿ" ಅಂದರೆ ಕನಿಷ್ಠ ಮೊತ್ತ ಇಡಬೇಕಾದ ಖಾತೆ ಮಾಡಿಬಿಡುತ್ತಾರೆ. ಆಮೇಲೆ ದಂಡ ಅಂತ ಕಂತಿನ ದುಡ್ಡೇ ಕಡಿತವಾಗುತ್ತದೆ.

ಶಾಖೆ ದೂರವಿದ್ದರೆ ಅಂಚೆ ಕಚೇರಿ ನೋಡಿ. 2018ರ ಸೆಪ್ಟೆಂಬರ್ 1ರಿಂದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ನಡೆಯುತ್ತಿದೆ. ಅಂಚೆಯಣ್ಣನೇ ಮನೆ ಬಾಗಿಲಲ್ಲಿ ಹೆಬ್ಬೆಟ್ಟು ಹಿಡಿಸಿ ದುಡ್ಡು ಕೊಡುತ್ತಾರೆ. ಬಸುರಿ, ಬಾಣಂತಿ, ನಡೆಯಲಾಗದ ಮುದುಕರು ಇರುವ ಮನೆಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ.

ನಾಮಿನಿ, ಅಂದರೆ ನಿಮ್ಮ ನಂತರ ಖಾತೆಯ ದುಡ್ಡು ಪಡೆಯುವವರ ಹೆಸರು ಬರೆಸಿ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೂ ನಾಮಿನಿ ಮಾಡಬಹುದು.

ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇರುವವರಿಗೆ ಒಂದು ಮಾತು. 2025ರ ಮೇ 1ರಂದು ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಪಾಸ್‌ಬುಕ್ ಮೇಲೆ ಹಳೇ ಹೆಸರಿದ್ದರೆ ಒಮ್ಮೆ ಹೋಗಿ ಹೊಸದು ಮಾಡಿಸಿಕೊಳ್ಳಿ.

ಹೆಜ್ಜೆ 2: ಖಾತೆಗೆ ಜೀವ ಇದೆಯಾ ನೋಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಯಾರೂ ಮಾಡದೆ ಬಿಡುವುದೂ ಇದನ್ನೇ. ಒಂದು ದಿನದ ಕೂಲಿ ಬಿಟ್ಟಾದರೂ ಹೋಗಿ ಮೂರು ವಿಷಯ ಕೇಳಿಕೊಂಡು ಬನ್ನಿ.

ಮೊದಲನೆಯದು ಮೊಬೈಲ್ ನಂಬರ್. ಖಾತೆಯಲ್ಲಿ ಯಾವ ನಂಬರ್ ಇದೆ? ಈಗ ನಿಮ್ಮ ಕೈಯಲ್ಲಿರುವುದು ಅದೇನಾ? ಸಿಮ್ ಬದಲಾದರೆ ಬ್ಯಾಂಕಿನಲ್ಲಿ ಒಂದು ಅರ್ಜಿ, ಆಧಾರ್ ಕೇಂದ್ರದಲ್ಲಿ ಇನ್ನೊಂದು. ಎರಡೂ ಕಡೆ ಬದಲಿಸಬೇಕು.

ಎರಡನೆಯದು, ಖಾತೆ ನಿಷ್ಕ್ರಿಯ ಆಗಿದೆಯಾ ಅನ್ನುವುದು. ಎರಡು ವರ್ಷ ನೀವು ಹಾಕುವುದು, ತೆಗೆಯುವುದು ಏನೂ ಮಾಡದಿದ್ದರೆ ಹಾಗಾಗಬಹುದು. ಮತ್ತೆ ಚಾಲೂ ಮಾಡಲು ಕೆವೈಸಿ, ಅಂದರೆ ಗುರುತು, ವಿಳಾಸದ ದಾಖಲೆ ಕೊಟ್ಟರಾಯಿತು, ಶುಲ್ಕ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆಮೇಲೆ ಮೂರು ತಿಂಗಳಿಗೊಮ್ಮೆ ನೂರು ರೂಪಾಯಿ ಹಾಕಿ ತೆಗೆದರೂ ಸಾಕು, ಖಾತೆ ಓಡುತ್ತಿರುತ್ತದೆ.

ಮೂರನೆಯದು ಆಧಾರ್ ಸೀಡಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚು ದುಡ್ಡು ಕಳೆದುಹೋಗುವುದು ಇಲ್ಲಿಯೇ. ಖಾತೆಗೆ ಆಧಾರ್ ಜೋಡಿಸುವುದು ಒಂದು, ಸರ್ಕಾರದ ದುಡ್ಡು ಬರಲು ಸೀಡಿಂಗ್ ಆಗುವುದು ಇನ್ನೊಂದು. ನಿಮಗೆ ನಾಲ್ಕು ಖಾತೆ ಇದ್ದರೂ ಆಧಾರ್ ಮೂಲಕ ಬರುವ ದುಡ್ಡು ಹೋಗುವುದು ಒಂದೇ ಬ್ಯಾಂಕಿಗೆ. ಎಲ್ಲಕ್ಕಿಂತ ಕೊನೆಗೆ ಯಾವ ಬ್ಯಾಂಕ್ ಸೀಡಿಂಗ್ ಮಾಡಿದೆಯೋ ಅಲ್ಲಿಗೆ.

ನಮ್ಮೂರಿನ ಒಬ್ಬ ಹೆಣ್ಣುಮಗಳು ಗಂಡನ ಜೊತೆ ಪುಣೆಗೆ ಹೋಗಿದ್ದಳು. ಅಲ್ಲಿ ಮೇಸ್ತ್ರಿ ಪಗಾರ ಹಾಕಲು ಎಲ್ಲರಿಗೂ ಹೊಸ ಖಾತೆ ತೆರೆಸಿದ. ಏಳು ತಿಂಗಳ ಬಸುರಿಯಾಗಿ ಊರಿಗೆ ಬಂದಳು. ಇಲ್ಲಿ ಹೆರಿಗೆಯಾಯಿತು, ಆಶಾ ಕಾರ್ಯಕರ್ತೆ ಅರ್ಜಿಯನ್ನೂ ಹಾಕಿದಳು. "ದುಡ್ಡು ಬಂದಿಲ್ಲಕ್ಕಾ" ಅಂತ ಆಕೆ ನನ್ನ ಹತ್ತಿರ ಮೂರು ಸಲ ಬಂದಳು. ಬಂದಿತ್ತು, ಆದರೆ ಪುಣೆಯ ಖಾತೆಗೆ. ಅದರ ಕಾರ್ಡ್ ಎಲ್ಲೋ ಹೋಗಿತ್ತು. ಬಾಣಂತನದಲ್ಲಿ ಬೇಕಿದ್ದ ದುಡ್ಡು ಕೈಗೆ ಬರುವಾಗ ಮಗು ಅಂಬೆಗಾಲಿಡುತ್ತಿತ್ತು.

ಮೊಬೈಲ್‌ನಲ್ಲಿ ಮೈಆಧಾರ್ ಜಾಲತಾಣಕ್ಕೆ ಹೋಗಿ ಒಟಿಪಿ ಹಾಕಿದರೆ ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆ ಅಂತ ಕಾಣುತ್ತದೆ. ಮೊಬೈಲ್ ಬಾರದವರು ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ ನೋಡಬಹುದು. ಹತ್ತಿರದ ಶಾಖೆಗೇ ಬರಬೇಕಾದರೆ ಆ ಶಾಖೆಯಲ್ಲಿ ಸೀಡಿಂಗ್ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ಹೆಜ್ಜೆ 3: ಆರೋಗ್ಯಕ್ಕಾಗಿಯೇ ಬರುವ ದುಡ್ಡನ್ನು ಬಿಡಬೇಡಿ

ಬಸುರಿ ಅಂತ ಗೊತ್ತಾದ ಕೂಡಲೇ ತಾಯಿ ಕಾರ್ಡ್ ಮಾಡಿಸಿ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಇದೆ. ನೋಂದಣಿಯಾಗಿ ತಪಾಸಣೆ ಮಾಡಿಸಿಕೊಂಡ ಮೇಲೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000. ಎರಡನೆಯ ಮಗು ಹೆಣ್ಣಾದರೆ 6,000 ಒಂದೇ ಸಲ. ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ರಾಜ್ಯದ ಹಳ್ಳಿಯ ಬಿಪಿಎಲ್ ತಾಯಿಗೆ ಆಸ್ಪತ್ರೆ ಹೆರಿಗೆಗೆ 700 ರೂಪಾಯಿ. ಅದು ಬೇರೆ, ಇದು ಬೇರೆ. ಎರಡನ್ನೂ ಕೇಳಿ.

ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು ಬರುತ್ತದೆ. ಮೊದಲು ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಆರು ತಿಂಗಳ ಚಿಕಿತ್ಸೆಗೆ 6,000. ಟಿಬಿ ಮಾತ್ರೆ ಖಾಲಿ ಹೊಟ್ಟೆಯವರನ್ನು ಹಣ್ಣುಗಾಯಿ ಮಾಡುತ್ತದೆ. ಎಷ್ಟೋ ಜನ ಮಧ್ಯದಲ್ಲಿ ಮಾತ್ರೆ ಬಿಡುವುದು ಅದಕ್ಕೇ. ಈ ದುಡ್ಡು ಮೊಟ್ಟೆಗೆ, ಬೇಳೆಗೆ, ಹಾಲಿಗೆ. ದಯವಿಟ್ಟು ಇದನ್ನು ಸಾಲದ ಕಂತಿಗೆ ಕಟ್ಟಬೇಡಿ. ರೋಗಿಗೆ ಖಾತೆ ಇಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ, ಮೊದಲು ಖಾತೆ ಮಾಡಿಸಿ.

ಹೆಜ್ಜೆ 4: ಕಾಯಿಲೆಯ ದುಡ್ಡು ಬೇರೆ ಇಡಿ

ಸರ್ಕಾರಿ ಆಸ್ಪತ್ರೆ ಉಚಿತ, ಆಂಬ್ಯುಲೆನ್ಸಿಗೆ 108 ಇದೆ. ಆದರೂ ಮೊದಲ ದಿನ ದುಡ್ಡು ಬೇಕು. ವಾಪಸ್ ಬರುವ ಆಟೋ, ಹೊರಗೆ ಬರೆದುಕೊಟ್ಟ ಔಷಧಿ, ರಕ್ತಪರೀಕ್ಷೆ, ಜೊತೆಗೆ ಕೂತವರ ಊಟ, ಎರಡು ದಿನದ ಕೂಲಿ. ನಿಮ್ಮ ಮನೆಯಲ್ಲಿ ಹಿಂದಿನ ಸಲ ಇದಕ್ಕೆ ಎಷ್ಟಾಯಿತು ಅಂತ ನೆನಪು ಮಾಡಿಕೊಂಡು ಬರೆಯಿರಿ. ನಮ್ಮ ಸಂಘದವರು ಲೆಕ್ಕ ಹಾಕಿದಾಗ ಹೆಚ್ಚಿನವರಿಗೆ ಮೂರು ಸಾವಿರದ ಹತ್ತಿರ ಬಂತು. ಅಷ್ಟು ಖಾತೆಯಲ್ಲಿ ಇರಬೇಕು. ಅದು ನಿಮ್ಮ ಮೊದಲ ಗುರಿ.

ಹೇಗೆ ಉಳಿಸುವುದು? ಗೃಹಲಕ್ಷ್ಮಿಯ 2,000 ಬಂದಾಗ 1,700 ತೆಗೆಯಿರಿ, 300 ಅಲ್ಲೇ ಬಿಡಿ. ತೆಗೆದು ತಂದು ಮತ್ತೆ ಹಾಕುತ್ತೇನೆ ಅಂದರೆ ಆಗುವುದಿಲ್ಲ. ನನ್ನ ಅವ್ವ ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿ ಇಡುತ್ತಿದ್ದಳು. ಹಬ್ಬ ಬಂದರೆ ಡಬ್ಬಿ ಖಾಲಿ, ನೆಂಟರು ಬಂದರೆ ಖಾಲಿ, ಅಪ್ಪ ಕೇಳಿದರೂ ಖಾಲಿ. ದುಡ್ಡು ಕಣ್ಣೆದುರಿಗೆ ಇದ್ದರೆ ಇಲ್ಲ ಅನ್ನುವುದು ಕಷ್ಟ, ಅಲ್ವಾ?

ಹಾಗಂತ ಪೂರ್ತಿ ಬೀಗ ಹಾಕಿಡುವುದೂ ತಪ್ಪು. ಕೀನ್ಯಾ ದೇಶದ ಹಳ್ಳಿಗಳಲ್ಲಿ ನಮ್ಮ ಚೀಟಿಯಂಥ ಗುಂಪುಗಳ ಸದಸ್ಯರ ಜೊತೆ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಕೆಲವರಿಗೆ ಬೀಗ ಇರುವ ಸಾದಾ ಪೆಟ್ಟಿಗೆ ಕೊಟ್ಟು ಕೀಲಿಕೈಯನ್ನೂ ಅವರ ಕೈಗೇ ಕೊಟ್ಟರು. ಇನ್ನು ಕೆಲವರಿಗೆ ಪೆಟ್ಟಿಗೆ ಕೊಟ್ಟು ಕೀಲಿಕೈ ತಾವೇ ಇಟ್ಟುಕೊಂಡರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೀಲಿಕೈ ತಮ್ಮ ಕೈಯಲ್ಲೇ ಇದ್ದವರು ಸೊಳ್ಳೆಪರದೆಯಂಥ ಆರೋಗ್ಯದ ವಸ್ತುಗಳಿಗೆ ಜಾಸ್ತಿ ದುಡ್ಡು ಹಾಕಿದ್ದರು. ಕೀಲಿಕೈ ಬೇರೆಯವರ ಹತ್ತಿರ ಇದ್ದ ಪೆಟ್ಟಿಗೆಯಿಂದ ಅಷ್ಟು ಉಪಯೋಗ ಆಗಲಿಲ್ಲ. ಬೇಕಾದಾಗ ತೆಗೆಯಲಾಗದ ದುಡ್ಡಿಗೆ ಜನ ಮನಸ್ಸು ಮಾಡುವುದಿಲ್ಲ.

ಅದಕ್ಕೇ ನನ್ನ ಸಲಹೆ, ಕಾಯಿಲೆಯ ಮೂರು ಸಾವಿರವನ್ನು ತಿಂಗಳು ತಿಂಗಳು ಕಟ್ಟುವ ಐದು ವರ್ಷದ ಅಂಚೆ ಆರ್‌ಡಿಗೆ ಹಾಕಬೇಡಿ. ಉಳಿತಾಯ ಖಾತೆಯಲ್ಲೇ ಇರಲಿ. ಮೂರು ಸಾವಿರ ದಾಟಿದ್ದನ್ನು ಬೇಕಾದರೆ ಆರ್‌ಡಿ ಮಾಡಿ.

ಹೆಜ್ಜೆ 5: ದುಡ್ಡು ಎಲ್ಲಿ, ಯಾವಾಗ ಸಿಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ

ಬ್ಯಾಂಕ್ ಮಿತ್ರರ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತದೆ? ಭಾನುವಾರ ಇರುತ್ತಾರಾ? ನೆಟ್‌ವರ್ಕ್ ಇಲ್ಲದ ದಿನ ಪಕ್ಕದ ಊರಿನಲ್ಲಿ ಯಾರಿದ್ದಾರೆ? ಆರೋಗ್ಯವಾಗಿ ಇರುವ ದಿನವೇ ಇದನ್ನು ಕೇಳಿಕೊಳ್ಳಿ. ಹೆಬ್ಬೆಟ್ಟಿನಲ್ಲಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ಹತ್ತಿ ಬಿಡಿಸಿ, ಮೆಣಸಿನಕಾಯಿ ಆರಿಸಿ ಬೆರಳಿನ ಗೆರೆ ಸವೆದವರಿಗೆ ಮೆಷಿನ್ ಒಪ್ಪುವುದಿಲ್ಲ. ನಮ್ಮ ಸಂಘದ ಹಿರಿಯ ದೊಡ್ಡವ್ವನಿಗೆ ಹೀಗೇ ಆಗಿತ್ತು. ಎಡಗೈ, ಬಲಗೈ ಎರಡೂ ಹೆಬ್ಬೆರಳು ಹಿಡಿಯಲಿಲ್ಲ. "ಒಲ್ಲೆ ಅಂತೈತಿ ತಮ್ಮಾ ಇದು" ಅಂತ ಎದ್ದು ನಿಂತಳು. ಬ್ಯಾಂಕ್ ಮಿತ್ರ ಹುಡುಗ ಒಳಗಿನಿಂದ ಸೋಪು ತಂದು ಕೈ ತೊಳೆಸಿದ, ಒಣ ಬಟ್ಟೆಯಲ್ಲಿ ಒರೆಸಿದ, ಉಂಗುರದ ಬೆರಳು ಇಡಿಸಿದ. ಬಂತು. ನೀವೂ ಹೀಗೇ ಮಾಡಿ, ಯಾವ ಬೆರಳು ಹಿಡಿಯುತ್ತದೆ ಅಂತ ನೆನಪಿಡಿ. ಯಾವುದೂ ಹಿಡಿಯದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕು. ಅಲ್ಲಿಯವರೆಗೆ ರುಪೇ ಕಾರ್ಡ್ ಚಾಲೂ ಇಟ್ಟುಕೊಳ್ಳಿ.

ಹೆಬ್ಬೆಟ್ಟು ಒತ್ತಿದ ಮೇಲೆ ರಸೀದಿ ಕೇಳಿ. "ಹಿಡೀಲಿಲ್ಲ, ಇನ್ನೊಂದ್ಸಲ ಒತ್ತಿ" ಅಂದರೆ ಮೊದಲು ಮೆಸೇಜ್ ಬಂತಾ ನೋಡಿ, ಆಮೇಲೆ ಒತ್ತಿ. ಪಿನ್, ಒಟಿಪಿ ಯಾರಿಗೂ ಹೇಳಬೇಡಿ. ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಮೂರು ಕೆಲಸದ ದಿನಗಳ ಒಳಗೆ ಬ್ಯಾಂಕಿಗೂ ಬರೆದುಕೊಡಿ. ತಡ ಮಾಡಿದಷ್ಟು ದುಡ್ಡು ವಾಪಸ್ ಬರುವುದು ಕಷ್ಟ.

ಹೆಜ್ಜೆ 6: ಇಪ್ಪತ್ತು ರೂಪಾಯಿಯ ವಿಮೆ, ಐದು ಲಕ್ಷದ ಕಾರ್ಡು

ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅಪಘಾತ ಅಂದರೆ ರಸ್ತೆಯದ್ದು ಮಾತ್ರ ಅಂತ ತಿಳಿದವರೇ ಜಾಸ್ತಿ. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದೂ ಬರುತ್ತದೆ, ಆದರೆ ಕೂಡಲೇ ಆಸ್ಪತ್ರೆಗೆ ತೋರಿಸಿದ ದಾಖಲೆ ಬೇಕು. ಹೊಲದಲ್ಲಿ ದುಡಿಯುವವರು ಇದನ್ನು ಮರೆಯಬಾರದು. ಜೀವನ ಜ್ಯೋತಿ ಬಿಮಾ 436 ರೂಪಾಯಿ, ಸೇರಲು ವಯಸ್ಸು 18ರಿಂದ 50, ಯಾವ ಕಾರಣದಿಂದ ಸತ್ತರೂ 2 ಲಕ್ಷ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತಕ್ಕೆ ಮಾತ್ರ ಅನ್ವಯ. ಎರಡರ ಕಂತೂ ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಮೇ 20ರ ಹೊತ್ತಿಗೆ 456 ರೂಪಾಯಿ ಖಾತೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ವಿಮೆ ತಪ್ಪಿಹೋಗುತ್ತದೆ, ಹೇಳುವವರು ಯಾರೂ ಇರುವುದಿಲ್ಲ.

ಈ ವಿಮೆಗಳು ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ. ಅದಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್ ಕೊಟ್ಟು ಈಗಲೇ ಕಾರ್ಡ್ ಮಾಡಿಸಿ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಬರೆಸಿಕೊಂಡು ಖಾಸಗಿಗೆ ಹೋಗಬೇಕು. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಗೊಂದಲವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕೇಳಿ.

ಹೆಜ್ಜೆ 7: ಸಾಲ ಮಾಡಲೇಬೇಕಾದರೆ ಈ ಕ್ರಮದಲ್ಲಿ ಕೇಳಿ

ಮೊದಲು ನಿಮ್ಮ ಸಂಘದ ಒಳಸಾಲ. ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಶುರು ಮಾಡಿತು. ಅದರ ಬೇರು ಇರುವುದು ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ, ಮೈರಾಡ ಸಂಸ್ಥೆ ಕಟ್ಟಿದ ಗುಂಪುಗಳಲ್ಲಿ. ಕಾಯಿಲೆಗೆ ಅಂತ ಒಂದು ಸಣ್ಣ ನಿಧಿ ಬೇರೆ ಇಡುವಂತೆ ಮುಂದಿನ ಸಭೆಯಲ್ಲಿ ಠರಾವು ಮಾಡಿಸಿ. ನಮ್ಮಲ್ಲಿ ರಾತ್ರಿ ಹೊತ್ತಾದರೂ ಇಬ್ಬರು ಪ್ರತಿನಿಧಿಗಳು ಒಪ್ಪಿದರೆ ಎರಡು ಸಾವಿರ ಕೊಡುತ್ತೇವೆ, ಸಹಿ ಆಮೇಲೆ. ಈ ನಿಯಮ ಬಂದ ಮೇಲೆ ಯಾರ ಓಲೆಯೂ ಗಿರವಿ ಅಂಗಡಿಗೆ ಹೋಗಿಲ್ಲ.

ಎರಡನೆಯದು ಜನಧನ ಖಾತೆಯ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಲು ಬ್ಯಾಂಕ್ ಕೊಡುವ ಸಾಲ. ಆರು ತಿಂಗಳು ಖಾತೆ ಚೆನ್ನಾಗಿ ನಡೆಸಿದವರಿಗೆ 10,000ವರೆಗೆ ಸಿಗಬಹುದು, ಅದರಲ್ಲಿ 2,000ವರೆಗೆ ಷರತ್ತಿಲ್ಲ. ಇದನ್ನು ನಾವೇ ಬಾಯಿಬಿಟ್ಟು ಕೇಳಬೇಕು.

ಫೈನಾನ್ಸ್ ಸಾಲ ಕೊನೆಗೆ ಇರಲಿ. ಕಾಯಿಲೆ ಸಾಲಕ್ಕೆ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಿದ ಮನೆಗಳಲ್ಲಿ ಮೊದಲು ನಿಲ್ಲುವುದು ಹಾಲು, ಆಮೇಲೆ ಬಿಪಿ ಮಾತ್ರೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಿಮ್ಮದು ದಾಟುತ್ತಿದ್ದರೆ ಅವರು ಕೊಡುತ್ತೇನೆ ಅಂದರೂ ಬೇಡ ಅನ್ನಿ. ಮನೆ ಮುಂದೆ ಬಂದು ಬೈದು ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಹೆದರದೆ ಪೊಲೀಸ್ ಠಾಣೆಗೆ ಹೋಗಬಹುದು. ಗಿರವಿ ಅಂಗಡಿ, ಮೀಟರ್ ಬಡ್ಡಿ ಬೇಡವೇ ಬೇಡ. ತಿಂಗಳಿಗೆ ನೂರಕ್ಕೆ ಐದು ಅಂದರೆ ವರ್ಷಕ್ಕೆ ನೂರಕ್ಕೆ ಅರವತ್ತು.

ಹೆಜ್ಜೆ 8: ಬ್ಯಾಂಕಿನಲ್ಲಿ ಕೆಲಸ ಆಗದಿದ್ದರೆ

"ನಾಳೆ ಬನ್ನಿ" ಅಂದಾಗ ದೂರನ್ನು ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448. ಸೀಲು ಇರುವ ಪ್ರತಿ ಕೈಯಲ್ಲಿದ್ದರೆ ಮಾತಾಡುವ ಧಾಟಿಯೇ ಬದಲಾಗುತ್ತದೆ, ನಾನು ನೋಡಿದ್ದೇನೆ.

ಹೆಜ್ಜೆ 9: ಬಾಗಿಲ ಹಿಂದೆ ಒಂದು ಹಾಳೆ

ಮಗುವಿಗೆ ಜ್ವರ ಏರಿದ ರಾತ್ರಿ ಯಾವುದೂ ನೆನಪಾಗುವುದಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಒಳಬಾಗಿಲ ಹಿಂದೆ ಅಂಟಿಸಿ. 108, 104. ಆಶಾ ಕಾರ್ಯಕರ್ತೆಯ ನಂಬರ್. ಬ್ಯಾಂಕ್ ಮಿತ್ರರ ನಂಬರ್, ಅವರು ಸಿಗುವ ಹೊತ್ತು. ಸಂಘದ ಇಬ್ಬರು ಪ್ರತಿನಿಧಿಗಳ ನಂಬರ್. ಮೆಷಿನ್ ಹಿಡಿಯುವ ಬೆರಳು. ಪಾಸ್‌ಬುಕ್, ತಾಯಿ ಕಾರ್ಡ್, ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಇಟ್ಟ ಜಾಗ. ಖಾತೆ ನಂಬರ್, ಪಿನ್ ಮಾತ್ರ ಅಲ್ಲಿ ಬರೆಯಬೇಡಿ. ಕಾಗದಗಳೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ, ಮಳೆಗೆ ನೆನೆಯದಂತೆ. ಓದು ಬಲ್ಲ ಮಗಳೋ ಮಗನೋ ಇದ್ದರೆ ಆ ಹಾಳೆಯನ್ನು ಒಮ್ಮೆ ಓದಿಸಿ, ಚೀಲ ಎಲ್ಲಿದೆ ಅಂತ ಅವರ ಕೈಯಿಂದಲೇ ತೆಗೆಸಿ ನೋಡಿ.